ಸಾಲಿ ಕಟ್ಟಿ ಮ್ಯಾಲೆ ಬಿಚ್ಚಿದ ಬುತ್ತಿ

ಸಿಂಧನೂರು ಬಸ್‌ಸ್ಟ್ಯಾಂಡಿನಾಗ ಹುಸೇನಪ್ಪ ಮಾಸ್ತರ ಯಂಕೋಬನ್ನ ಹಿಡಿದು ನಿಲ್ಲಿಸಿ ಒಂದು ಮಾತು ಹೇಳಿದ್ದ. ಯಂಕೋಬ ಆ ಮಾತನ್ನ ತುರ್ವಿಹಾಳದ ಬಸ್ಸಿನಾಗ ಕುಂದರಿಸ್ಕೊಂಡು, ಕಾಲುವಿ ದಂಡಿ ಗುಂಟ ಊರ ತನಕ ನಡೆಸ್ಕೊಂಡು ಬಂದು, ಒಲಿ ಮುಂದ ಕುಂತಿದ್ದ ಹೆಂಡತಿ ಕಲ್ಯಾಣಮ್ಮನ ಮುಂದ ಇಳಿಸಿದ.

"ನಿನ್ನ ಮಗಳ ತಲ್ಯಾಗ ಏನೂ ಇಲ್ಲಂತ. ಮಾಸ್ತರ ಪಾಠ ಹೇಳಾಕತ್ರ ಗ್ವಾಡಿಗೆ ಒರಗಿ ನಿದ್ದಿ ಹೊಡಿತಾಳಂತ. ಇಂಥಾಕಿನ್ನ ಸಾಲಿಗೆ ಕಳಸೋದಕ್ಕಿಂತ ಹೊಲದಾಗ ನಾಕು ಕೆಲಸ ಕಲಸ್ರಿ ಅಂದ. ಖರೇನ ಐತಿ. ಬರೋ ಸೋಮವಾರದಿಂದ ನೆಲ್ಲು ಹಚ್ಚಾಕ ಬರ್ಲಿ."

ಕಲ್ಯಾಣಮ್ಮನ ಕೈಯಾಗಿನ ರೊಟ್ಟಿ ಹಂಚಿನ ಮ್ಯಾಲೆ ಬೀಳೋದು ಬಿಟ್ಟು ಅಂಚಿಗೆ ಬಿತ್ತು. ನಿನ್ನ ಮಗಳಂತ. ಮುಂಜಾನೆ ಬುತ್ತಿ ಹೊತ್ಕೊಂಡು ಹೊಲಕ್ಕ ಬಂದಾಗ ಇವನ ಮಗಳು, ಮಾಸ್ತರ ದಡ್ಡಿ ಅಂದಕೂಡ್ಲೆ ಕಲ್ಯಾಣಮ್ಮನ ಮಗಳು. ಮೈಯೆಲ್ಲಾ ಉರಿದು ಹೋತು ಆಕಿಗೆ. ಆದ್ರ ಮಾವ ಆದಪ್ಪ ಅಲ್ಲೇ ಕಂಬಕ್ಕ ಒರಗಿ ಕುಂತಿದ್ದ, ಅತ್ತಿ ಪಕೀರಮ್ಮ ಎಲಿ ಅಡಿಕಿ ಕುಟ್ಟಾಕತ್ತಿದ್ದಳು. ಅವರ ಮುಂದ ಗಂಡಗ ಎದರ ಮಾತಾಡೋ ರೂಢಿ ಆಕಿಗೆ ಇರಲಿಲ್ಲ. ರೊಟ್ಟಿ ಎತ್ತಿ ಹಂಚಿಗೆ ಹಾಕಿದಳು.

ಹುಲಿಗಿ ಮೂಲ್ಯಾಗ ಕುಂತು ಎಲ್ಲಾ ಕೇಳಿಸ್ಕೊಂಡಿದ್ದಳು. ಹತ್ತು ವರ್ಷದ ಹುಡುಗಿ, ನಾಕನೇ ಇಯತ್ತ. ಹೆಸರು ಹುಲಿಗೆಮ್ಮ ಅಂತ ಇಟ್ಟಾರ, ಕೈಕಾಲು ನೋಡಿದ್ರ ತೊಗರಿ ಕಟಗಿ. ಅಪ್ಪನ ಮಾತು ಮುಗಿದ ಮ್ಯಾಲೆ ಪಾಟಿಚೀಲ ಎತ್ತಿ ಗೂಟಕ್ಕ ತೂಗು ಹಾಕಿದಳು, ಇನ್ನ ತಗಿಯೋ ಕೆಲಸ ಇಲ್ಲ ಅನ್ನೋ ಹಂಗ.

ಈ ಮನ್ಯಾಗ ಒಂದು ಕಟ್ಟಳಿ ಐತಿ, ಅದನ್ನ ಮದ್ಲು ಹೇಳಬೇಕು. ಹೊಲದಾಗ ಬುತ್ತಿ ಬಿಚ್ಚಿ, ಒಂದು ತುತ್ತು ಭೂಮಿತಾಯಿಗೆ ಚೆಲ್ಲಿ, ಗಂಡಸರು ಉಂಡ ಮ್ಯಾಲೇನ ಮನ್ಯಾಗಿನವರು ಬಾಯಿ ಆಡಸಬೇಕು. ಅದಕ್ಕಿಂತ ಮುಂಚೆ ಯಾರ ಮುಟ್ಟಿದ್ರೂ ಬುತ್ತಿ ಎಂಜಲಾತಂತ. ಪಕೀರಮ್ಮನ ಅತ್ತಿ ಕಾಲದಾಗ ಯಾವಾಕಿಯೋ ಸೊಸಿ ಮದ್ಲ ಒಂದು ರೊಟ್ಟಿ ಮುರಿದು ತಿಂದಿದ್ದಕ್ಕ ಜ್ವಾಡೆತ್ತಿನಾಗ ಒಂದು ಸತ್ತಿತ್ತಂತ. ಎತ್ತು ಯಾತಕ್ಕ ಸತ್ತಿತ್ತೋ ಯಾರು ಕಂಡಾರ. ಆ ಎತ್ತಿನ ಪಾಪ ಈಗ ಹುಲಿಗಿ ಹೊಟ್ಟಿ ಮ್ಯಾಲೆ ಬಿದ್ದಿತ್ತು.

ಯಾಕಂದ್ರ ಬುತ್ತಿ ಹೊರೋದು ಆಕಿನ. ಕಲ್ಯಾಣಮ್ಮ ಕತ್ತಲದಾಗ ಎದ್ದು ರೊಟ್ಟಿ ಬಡದು, ಪಲ್ಯ, ಹಿಂಡಿ, ಮೊಸರು ಎಲ್ಲಾ ಬುಟ್ಯಾಗ ಇಟ್ಟು, ಮ್ಯಾಲೆ ಅರಿವಿ ಕಟ್ಟಿ ಮಗಳ ತಲಿ ಮ್ಯಾಲೆ ಇಡಬೇಕು. ಹುಡುಗಿ ಕಾಲುವಿ ದಾಟಿ, ಕೆಸರು ಬದುವಿನ ಮ್ಯಾಲೆ ಕಾಲು ಊರಿ ಊರಿ ಹೊಲಕ್ಕ ಹೋಗಬೇಕು. ಗಂಡಸರು ಉಣ್ಣೂ ತನಕ ಅಲ್ಲೇ ಕುಂತು ಅವರ ಬಾಯಿ ನೋಡಬೇಕು. ಖಾಲಿ ಬುಟ್ಟಿ ಹೊತ್ಕೊಂಡು ಮನಿಗೆ ಬರೋದ್ರಾಗ ಸಾಲಿ ಗಂಟಿ. ಒಮ್ಮೊಮ್ಮೆ ಆದಪ್ಪ ತನ್ನ ರೊಟ್ಯಾಗ ಒಂದು ತುಣುಕು ಚಾಚಿದ್ರ ಆಕೀನ ಒಲ್ಲೆ ಅಂತಿದ್ದಳು, ಗಂಟಿ ಆಗ್ತೈತಿ ಮುತ್ಯಾ ಅಂತ. ಓಡಿ ಬಂದ ಹುಡುಗಿ ಕೈಯಾಗ ಪಕೀರಮ್ಮ ಒಂದು ಬಸಿ ಚಾ ಇಡ್ತಿದ್ದಳು. ಅದನ್ನ ಸುರ್ರಂತ ಕುಡದು ಹೋದ್ರ ಮುಗೀತು, ಹೊಟ್ಟಿಗೆ ಅನ್ನ ಅನ್ನೋದು ಬೀಳೋದು ಮಧ್ಯಾಹ್ನ ಸಾಲಿ ಬಿಟ್ಟ ಮ್ಯಾಲೆ.

ಮತ್ತ ಆ ಚಾ. ಚಾಕ್ಕ ಮಾತ್ರ ಈ ಮನ್ಯಾಗ ಯಾವ ಕಟ್ಟಳಿನೂ ಇಲ್ಲ. ಪಕೀರಮ್ಮನ ಅತ್ತಿ ಕಾಲದಾಗ ಊರಿಗೆ ಚಾ ಬಂದಿರಲಿಲ್ಲ, ಹಿಂಗಾಗಿ ಅದಕ್ಕ ಬ್ಯಾಡ ಅನ್ನೋರು ಯಾರೂ ಇರಲಿಲ್ಲ. ಬುತ್ತಿ ಮನಿ ಬಿಡೂದಕ್ಕ ಮುಂಚೆ ಪಕೀರಮ್ಮಗ ಎರಡು ಕಪ್ಪು ಆಗಿರ್ತಿತ್ತು, ಜ್ವತಿಗೆ ಅದ್ದಿಕೊಂಡು ತಿನ್ನಾಕ ಟೋಸ್ಟು. ಟೋಸ್ಟು ಬೇಕರಿದಂತ, ಒಲಿ ಮ್ಯಾಲಿಂದು ಅಲ್ಲಂತ, ಅದಕ್ಕ ಅದು ಎಂಜಲ ಆಗಂಗಿಲ್ಲಂತ. ಹಡದವ್ವ ಬಡದ ರೊಟ್ಟಿ ಎಂಜಲಾಗ್ತೈತಿ, ಬೇಕರಿ ಟೋಸ್ಟು ಆಗಂಗಿಲ್ಲ. ಇಂಥಾ ಧರ್ಮ ಯಾವ ದೇವರು ಮಾಡಿದ್ದೋ.

ಮಾಸ್ತರನ ಮಾತು ಯಂಕೋಬ ತಂದ ಮರುದಿನ ಮುಂಜಾನೆ ಹುಲಿಗಿ ಬುಟ್ಟಿ ಹೊತ್ಕೊಂಡು ಅಂಗಳ ದಾಟುವಾಗ ಒಂದು ಸಲ ವಾಲಾಡಿದಳು. ಬಾಜೂ ಮನಿ ಮೀರಾಬಿ ಗಿಡ್ಡ ಗ್ವಾಡಿ ಆಚಿಂದ ಅದನ್ನ ನೋಡಿದಳು. ಆಗ ರಂಜಾನ್ ತಿಂಗಳು, ತೊಂಬತ್ತೇಳನೇ ಇಸವಿ, ಬ್ಯಾಸಗಿ ಬೆಳಿಗೆ ಎಲ್ಲಾ ಕಡೆ ನೆಲ್ಲು ಹಚ್ಚಾಕತ್ತಿದ್ದರು. ಮೀರಾಬಿ ರೋಜಾದ ಉಪಾಸ ಇದ್ದಳು. ಆಕಿ ಮಗಾನೂ ಹುಲಿಗಿ ಕ್ಲಾಸಿನವನ.

"ಕಲ್ಯಾಣಮ್ಮಾ, ಹುಡುಗಿ ಏನರ ಉಂಡೈತೇನು?"

"ಇಲ್ಲಕ್ಕಾ. ಬುತ್ತಿ ಕೊಟ್ಟು ಬಂದ ಮ್ಯಾಲೆ."

"ಬರೋದ್ರಾಗ ಗಂಟಿ ಹೊಡದಿರ್ತಾರ. ನನ್ನ ಮಗ ದಿನಾ ಬಂದು ಹೇಳ್ತಾನ, ಹುಲಿಗಿ ತುಟಿ ಒಣಗಿಸ್ಕೊಂಡು ಕುಂದರ್ತಾಳಮ್ಮಾ ಅಂತ. ನಿನಗ ಹೇಳಬೇಕು ಹೇಳಬೇಕು ಅಂತ ಸುಮ್ಮನಿದ್ದೆ." ಮೀರಾಬಿ ಕಸಬರಗಿ ಗ್ವಾಡಿಗೆ ಆನಿಸಿ ಹತ್ತಿರ ಬಂದಳು. "ನಾವು ರೋಜಾ ಹಿಡಿಯೋರು ಸೈತ ಬೆಳಕು ಹರಿಯೂದಕ್ಕ ಮುಂಚೆ ಎದ್ದು ಹೊಟ್ಟಿ ತುಂಬ ಉಂಡು ಹಿಡಿತೀವಿ. ಅದೂ ವರ್ಷಕ್ಕ ಒಂದು ತಿಂಗಳು, ಅದೂ ದೊಡ್ಡೋರು. ನನ್ನ ಮಗ ತಾನೂ ಹಿಡಿತೀನಿ ಅಂತ ಹಟ ಮಾಡಿದ್ರ ಎರಡು ಏಟು ಕೊಟ್ಟು ಹಾಲು ರೊಟ್ಟಿ ತಿನಿಸಿ ಕಳಿಸೀನಿ. ನಿನ್ನ ಮಗಳು ವರ್ಷದ ಬಾರಾ ತಿಂಗಳು ಯಾರ ರೋಜಾ ಹಿಡದಾಳ?"

ಕಲ್ಯಾಣಮ್ಮಗ ತನ್ನ ಅವ್ವ ನೆನಪಾದಳು. ಆಕಿ ತವರುಮನಿ ಮಸ್ಕಿ ಹತ್ತಿರ, ಮಳಿ ನಂಬಿದ ಒಣ ಹೊಲ, ಬಡತನ ಕಣ್ಣಿಗೆ ರಾಚೋ ಮನಿ. ಅಂಥಾ ಮನ್ಯಾಗೂ ಆಕಿ ಅವ್ವ ಮಕ್ಕಳು ಕಣ್ಣು ತಿಕ್ಕೋತ ಎದ್ದಕೂಡ್ಲೆ ಜ್ವಾಳದ ನುಚ್ಚಿಗೆ ಮಜ್ಜಿಗಿ ಸುರುವಿ, ಒಂದು ಉಳ್ಳಾಗಡ್ಡಿ ಗುದ್ದಿ ಮುಂದ ಇಡ್ತಿದ್ದಳು. ಇಲ್ಲಿ ಕಾಲುವಿ ನೀರು ಐತಿ, ವರ್ಷಕ್ಕ ಎರಡು ಬೆಳಿ ಐತಿ, ಕೊಟ್ಟಿಗ್ಯಾಗ ಎಮ್ಮಿ ಐತಿ, ಗಡಿಗಿ ತುಂಬ ಮೊಸರು ಐತಿ. ಹುಡುಗಿಗೆ ಮಾತ್ರ ಒಂದು ಬಸಿ ಚಾ.

ಒಳಗ ಬಂದು ಅತ್ತಿ ಮುಂದ ನಿಂತಳು. "ಅತ್ತೀ, ನಾಳಿಂದ ಹುಲಿಗಿಗೆ ಮದ್ಲು ಒಂದು ರೊಟ್ಟಿ ಕೊಟ್ಟು ಕಳಸೂಣು."

ಪಕೀರಮ್ಮ ಟೋಸ್ಟು ಚಾದಾಗ ಅದ್ದಿದಳು. "ದುಡಿಯೋರ ಬಾಯಿಗಿಂತ ಮುಂಚೆ ಕುಂತು ಉಣ್ಣೋರ ಬಾಯಿಗಾ? ನಮ್ಮ ಮನ್ಯಾಗ ಅದೆಲ್ಲ ನಡಿಯಂಗಿಲ್ಲವ್ವಾ. ಚಾ ಕೊಡ್ತೀವಲ್ಲ, ಹಸಿವು ಸಾಯ್ತೈತಿ."

"ಹಸಿವು ಸಾಯೋದು ಬ್ಯಾಡ ಅತ್ತೀ, ಹೊಟ್ಟಿ ತುಂಬಬೇಕು."

"ಅಬ್ಬಬ್ಬಾ, ಮಾತು ನೋಡು. ನಾವೂ ಬುತ್ತಿ ಹೊತ್ತವರ. ಸತ್ತೀವೇನು?"

ಸಂಜೀಕ ಗಂಡಗ ಹೇಳಿದಳು, ಗಂಡನೂ ಅದನ್ನೇ ಅಂದ. ನಾವು ಸಣ್ಣವರಿದ್ದಾಗ ಏನು ಉಂಡೀವಿ, ನಮ್ಮ ತಲಿಗೆ ಏನಾಗೈತಿ ಅಂದ. ಅದಕ್ಕ ಏನಾಗೈತಿ ಅನ್ನೋದು ಕಲ್ಯಾಣಮ್ಮನ ನಾಲಿಗಿ ತುದಿ ತನಕ ಬಂದಿತ್ತು, ನುಂಗಿಕೊಂಡಳು. "ಹೆಂಗೂ ಸೋಮವಾರದಿಂದ ಸಾಲಿ ಬಿಡ್ತಾಳ. ನಮ್ಮ ಜ್ವತಿಗೆ ಹೊಲದಾಗ ಉಣ್ತಾಳ, ನಿನ್ನ ಚಿಂತಿ ತೀರಿತು" ಅಂತ ಯಂಕೋಬ ಮಗ್ಗಲಾದ. ನೋಡ್ರಿ ಮತ್ತ ಇವರ ಲೆಕ್ಕ. ಹುಡುಗಿ ಉಣ್ಣಬೇಕಂದ್ರ ಸಾಲಿ ಬಿಡಬೇಕಂತ.

ಅವತ್ತು ಕಲ್ಯಾಣಮ್ಮ ಮಡಕಿಕಾಳು ನೆನಿ ಇಟ್ಟಳು. ಮರುದಿನ ಅರಿವ್ಯಾಗ ಕಟ್ಟಿಟ್ಟು ಮೊಳಕಿ ಬರಿಸಿದಳು. ಅದರ ಮರುದಿನ ನಸುಕಿನಾಗ ಎದ್ದು ಒಗ್ಗರಣಿ ಕೊಟ್ಟು, ಮೆಂತೆ ಸೊಪ್ಪು ತೊಳದು ಬಿಡಿಸಿಟ್ಟು, ಶೇಂಗಾ ಹಿಂಡಿ ಕುಟ್ಟಿ, ಬಿಳಿಜ್ವಾಳದ ರೊಟ್ಟಿ ಮೆತ್ತಗ ಬಡದಳು. ಗಡಿಗಿ ಮ್ಯಾಲಿನ ಕೆನಿಮೊಸರು ತಗದು ತಂಬಿಗಿಗೆ ಹಾಕಿದಳು. ಈ ಮನಿಗೆ ಬಂದು ಇಷ್ಟು ವರ್ಷಾತು, ದಿನಾ ಅಡಿಗಿ ಮಾಡ್ಯಾಳ. ಹುಡುಗಿ ಮೈಗೆ ಏನು ಹತ್ತತೈತಿ, ಏನು ತಿಂದ್ರ ಆಕಿ ಮಧ್ಯಾಹ್ನದ ತನಕ ತಡಿತಾಳ ಅಂತ ವಿಚಾರ ಮಾಡಿ ಮಾಡಿದ್ದು ಅದೇ ಮದ್ಲು.

"ಇವತ್ತು ಬುತ್ತಿ ನಾನ ಒಯ್ತೀನಿ" ಅಂದಳು ಪಕೀರಮ್ಮಗ. ಬುಟ್ಟಿ ತಲಿ ಮ್ಯಾಲೆ ಇಟ್ಟು, ಗೂಟದಾಗಿನ ಪಾಟಿಚೀಲ ಇಳಿಸಿ ಮಗಳ ಹೆಗಲಿಗೆ ಹಾಕಿ, ಕೈ ಹಿಡದು ನಡದಳು. ಕಾಲುವಿ ಕಡೆ ತಿರುಗೋ ದಾರಿ ಬಂತು, ಆಕಿ ತಿರುಗಲಿಲ್ಲ.

"ಯವ್ವಾ, ಹೊಲ ಆ ಕಡೆ" ಅಂದಳು ಹುಲಿಗಿ.

"ಗೊತ್ತೈತಿ ಬಾ."

ಸಾಲಿ ಕಟ್ಟಿ ಮ್ಯಾಲೆ ಬುಟ್ಟಿ ಇಳಿಸಿದಳು. ಬೀಗ ಇನ್ನಾ ತಗದಿರಲಿಲ್ಲ, ಮಕ್ಕಳು ಒಬ್ಬೊಬ್ಬರ ಬರಾಕತ್ತಿದ್ದರು. ಬುತ್ತಿ ಅರಿವಿ ಬಿಚ್ಚಿ, ಮ್ಯಾಲಿನ ರೊಟ್ಟಿ ಮುರಿದು ಒಂದು ತುತ್ತು ಪಲ್ಯ ಹಚ್ಚಿ ಸಾಲಿ ಮುಂದಿನ ಮಣ್ಣಿಗೆ ಚೆಲ್ಲಿದಳು. "ತಾಯೀ, ನಿಂದು ಆತು" ಅಂದು ಕೈ ಮುಗಿದು, ಒಂದು ರೊಟ್ಟಿ ಮಗಳ ಮುಂದ ಹಿಡದಳು.

ಹುಡುಗಿ ಮುಟ್ಟಲಿಲ್ಲ. "ಯಪ್ಪ ಇನ್ನಾ ಉಂಡಿಲ್ಲ."

"ಉಣ್ಣು."

"ಮುತ್ಯಾನೂ ಉಂಡಿಲ್ಲ."

"ಅವರಿಗೆ ಕೈ ಅದಾವ, ಕಾಲು ಅದಾವ, ಮೀಸಿ ಅದಾವ. ನೀ ಉಣ್ಣು ಬೇ."

ಹುಲಿಗಿ ಒಂದು ತುತ್ತು ಬಾಯಾಗ ಇಟ್ಟಳು. ಆಮ್ಯಾಲೆ ಆಕಿ ಕೈ ನಿಲ್ಲಲಿಲ್ಲ. ಆ ಹುಡುಗಿ ರೊಟ್ಟಿ ತಿನ್ನೋ ಪರಿ ನೋಡಿ ಕಲ್ಯಾಣಮ್ಮಗ ಅಳು ಬರಬೇಕಾಗಿತ್ತು, ಸಿಟ್ಟು ಬಂತು. ಸುತ್ತ ನಿಂತ ಹುಡುಗ್ಯಾರ ಕಣ್ಣು ಬುಟ್ಟಿ ಮ್ಯಾಲೇನ ಇದ್ದವು. ಅದರಾಗ ಬುತ್ತಿ ಕೊಟ್ಟು ಓಡಿ ಬಂದವರು ಅದಾರ, ಎದಿಹಾಲು ಕುಡಿಯೋ ಸಣ್ಣ ತಮ್ಮನ್ನ ಎತ್ತಿಕೊಂಡು ನೆಲ್ಲು ಹಚ್ಚೋ ಅವ್ವನ ಹತ್ತಿರ ಒಯ್ದು ಬಂದವರು ಅದಾರ. "ಏನು ಉಂಡು ಬಂದೀರಿ?" ಅಂತ ಕೇಳಿದಳು. ಒಬ್ಬಾಕಿ ಚಾ ಅಂದಳು, ಮತ್ತೊಬ್ಬಾಕಿ ಚಾ ಬಿಸ್ಕೀಟು ಅಂದಳು, ಉಳಿದವರು ನೆಲ ನೋಡಿದರು. "ಕುಂದರ್ರಿ" ಅಂದಳು ಕಲ್ಯಾಣಮ್ಮ.

ಹುಸೇನಪ್ಪ ಮಾಸ್ತರ ಸೈಕಲ್ಲಿನ ಮ್ಯಾಲೆ ಬಂದಾಗ ಕಟ್ಟಿ ತುಂಬ ಹುಡುಗ್ಯಾರು ಚಕ್ಕಳಮಕ್ಕಳ ಹಾಕಿ ಉಣ್ಣಾಕತ್ತಿದ್ದರು. "ಏನಮ್ಮಾ ಇದು, ಸಾಲಿ ಕಟ್ಟಿ ಮ್ಯಾಲೆ ಖಾನಾವಳಿ ಇಟ್ಟೀಯೇನು?"

"ಮಾಸ್ತರ, ನೀವು ಮುಂಜಾನೆ ನಾಷ್ಟಾ ಏನು ಮಾಡಿದ್ರಿ?"

"ನಾನಾ? ಉಪ್ಪಿಟ್ಟು. ಯಾಕ?"

"ಅದಕ್ಕ ನಿಮಗ ಬಸ್‌ಸ್ಟ್ಯಾಂಡಿನಾಗ ನಿಂತು ಮಾತಾಡೋ ಶಕ್ತಿ ಐತಿ. ನನ್ನ ಮಗಳ ತಲ್ಯಾಗ ಏನೂ ಇಲ್ಲ ಅಂದ್ರಂತ. ಹೊಟ್ಯಾಗ ಏನೈತಿ ಅಂತ ಒಂದು ದಿನರ ಕೇಳಿದ್ರೇನ್ರಿ? ನಾಕು ವರ್ಷಾತು ನಿಮ್ಮ ಕಣ್ಣ ಮುಂದ ಕುಂತಾಳ. ತೂಕಡಸ್ತಾಳ ಅನ್ನೋದು ಕಂಡೈತಿ, ಯಾಕ ತೂಕಡಸ್ತಾಳ ಅನ್ನೋದು ಕಾಣಲಿಲ್ಲ. ಮಕ್ಕಳನ್ನ ಸಾಲಿ ಬಿಡಸ್ರಿ ಅಂತ ಹೇಳಾಕ ಮಾಸ್ತರ ಯಾಕ ಬೇಕ್ರಿ? ಅದನ್ನ ಹೇಳಾಕ ನಮ್ಮ ಮನ್ಯಾಗ ಮಂದಿ ಅದಾರ."

ಮಾಸ್ತರ ಸೈಕಲ್ಲು ಗ್ವಾಡಿಗೆ ಆನಿಸಿ ಹುಡುಗ್ಯಾರ ಕೈ ನೋಡಿದ. "ಲಗೂ ಮುಗಸ್ರಿ" ಅಂತ ಒಳಗ ಹೋದ. ಅವತ್ತು ಗಂಟಿ ಸ್ವಲ್ಪ ತಡಾ ಆಗಿ ಹೊಡೀತು.

ಖಾಲಿ ಬುಟ್ಟಿ ಹಿಡಕೊಂಡು ಕಲ್ಯಾಣಮ್ಮ ಮನಿಗೆ ಬಂದಳು. ಇಷ್ಟು ಲಗೂ ಹೆಂಗ ಬಂದಿ ಅಂತ ಪಕೀರಮ್ಮ ಕೇಳಿದ್ದಕ್ಕ ಇದ್ದದ್ದು ಇದ್ದಂಗ ಹೇಳಿದಳು. ಪಕೀರಮ್ಮ ಎದಿ ಬಡಕೊಂಡಳು. ಮನಿ ಹಾಳಾತು, ಭೂಮಿತಾಯಿ ಬಾಯಿಗೆ ಮಣ್ಣು ಹಾಕಿದಿ ಅಂದಳು.

"ಆಕಿಗೆ ತುತ್ತು ಕೊಟ್ಟೀನಿ. ಸಾಲಿ ಮುಂದಿಂದೂ ಭೂಮೀನ" ಅಂದು ಕಲ್ಯಾಣಮ್ಮ ಕಂಬಕ್ಕ ಒರಗಿ ಕುಂತಳು. ಮತ್ತೊಂದು ಬುತ್ತಿ ಮಾಡು ಅಂತ ಅತ್ತಿ ಒದರಿದ್ರೂ ಏಳಲಿಲ್ಲ. ಕಡಿಗೆ ಪಕೀರಮ್ಮ ತಾನ ಒಲಿ ಮುಂದ ಕುಂತು, ಎಷ್ಟೋ ವರ್ಷದ ಮ್ಯಾಲೆ ಹಿಟ್ಟಿಗೆ ಕೈ ಹಾಕಿದಳು. ಒಂದು ದಪ್ಪ, ಒಂದು ಹರಕು, ಒಂದು ಸೀದದ್ದು, ಹಂಗ ನಾಕು ರೊಟ್ಟಿ ಆಗೋದ್ರಾಗ ಮಧ್ಯಾಹ್ನ ಆತು. ಒಯ್ಯೋರು ಯಾರೂ ಇರಲಿಲ್ಲ.

ಗಂಡಸರು ತಾವ ಬಂದರು. ಆದಪ್ಪ ಮುಂದ. ಹಿಂದ ಯಂಕೋಬ, ಮೊಣಕಾಲ ತನಕ ಕೆಸರು, ಮಾರಿ ಕಪ್ಪಿಟ್ಟಿತ್ತು. ಅಂಗಳದಾಗ ನೀರಿನ ತಂಬಿಗಿ ಎತ್ತಾಕ ಹೋಗಿ ಬೀಳಿಸಿದ.

"ಬುತ್ತಿ ಎಲ್ಲಿ ಹಾಳಾಗಿತ್ತು? ಇವತ್ತು ನಮ್ಮ ನೀರಿನ ಪಾಳಿ. ಬುತ್ತಿ ಬರ್ತೈತಿ ಅಂತ ಬದುವಿನ ಮ್ಯಾಲೆ ಕುಂತೆ, ಕಣ್ಣು ಕತ್ತಲಿ ಬಂದಂಗ ಆತು, ಯಾವಾಗ ನಿದ್ದಿ ಹತ್ತಿತೋ ಗೊತ್ತಿಲ್ಲ. ಏಳೋದ್ರಾಗ ಒಡ್ಡು ಒಡದು ನೀರೆಲ್ಲಾ ಬಾಜೂಕಿನ ಆಂಧ್ರ ಕ್ಯಾಂಪಿನವರ ಹೊಲಕ್ಕ ಹೋಗೈತಿ. ನಿನ್ನೆ ಹಚ್ಚಿದ ಸಸಿ ಕಿತ್ತು ತೇಲಾಕತ್ತಾವ. ಆ ಹೊಲದ ರೆಡ್ಡಿ ತೆಲುಗಿನಾಗ ಬೈಯೋದು ಕೇಳಿಸ್ಕೊಂಡು ಬಂದೀನಿ. ಮನಿಷ್ಯಾ ಅನ್ನೋನು ಖಾಲಿ ಹೊಟ್ಟೀಲೆ ಹೆಂಗ ಕೆಲಸ ಮಾಡಬೇಕು?"

ಲಗ್ನಾದಾಗಿಂದ ರೀ ಬಿಟ್ಟು ಮಾತಾಡದಾಕಿ ಕಲ್ಯಾಣಮ್ಮ, ಅವತ್ತು ಎದ್ದು ನಿಂತು ರೀ ಬಿಟ್ಟಳು. "ನಿದ್ದಿ ಬಂತಾ? ಬದುವಿನ ಮ್ಯಾಲೆ ಕುಂತು ನಿದ್ದಿ ಹೊಡಿಯೋರ ತಲ್ಯಾಗ ಏನಿರ್ತೈತಿ? ನಿನಗ ಹೊಲ ಬಿಡಸ್ಲೇನು ಸೋಮವಾರದಿಂದ? ನೀ ಒಂದು ದಿನ ಮಧ್ಯಾಹ್ನದ ತನಕ ಉಪಾಸ ಇದ್ದು ಒಡ್ಡು ಒಡದು ಬಂದಿ. ಆಕಿ ದಿನಾ ಇದ್ದಾಳ, ನಿನ್ನ ಬುತ್ತಿ ಹೊತ್ಕೊಂಡು ಇದ್ದಾಳ, ಮ್ಯಾಲೆ ಮಗ್ಗಿ ಬರಂಗಿಲ್ಲ ಅಂತ ಬೈಸ್ಕೊಂಡಾಳ."

ಯಂಕೋಬ ಕೈ ಎತ್ತಿದ. ಅಷ್ಟರಾಗ ಮಧ್ಯಾಹ್ನದ ಗಂಟಿ ಆಗಿ ಹುಲಿಗಿ ಬಾಗಿಲಾಗ ಬಂದು ನಿಂತಿದ್ದಳು. ಕೈ ಕೆಳಗ ಇಳೀತು.

ಹುಡುಗಿ ಅಪ್ಪನ ಮಾರಿ ನೋಡಿದಳು. ಪಾಟಿಚೀಲ ಇಳಿಸಿ, ಯಾರೂ ಹೇಳದೇನ ಒಳಗ ಹೋಗಿ ಚರಗಿ ತುಂಬ ನೀರು ತಂದಳು.

"ಯಪ್ಪಾ, ಕಣ್ಣು ಕತ್ತಲಿ ಬಂದೈತೇನು? ಹಂಗಾದಾಗ ನಿಂದರಬಾರದು. ಗ್ವಾಡಿಗೆ ಬೆನ್ನು ಹಚ್ಚಿ ಕುಂದರಬೇಕು. ನೀರು ಗಟಗಟ ಕುಡೀಬ್ಯಾಡ, ಹೊಟ್ಟಿ ತೊಳಸ್ತೈತಿ. ಬಾಯಾಗ ಹಿಡಕೊಂಡು ಸ್ವಲ್ಪ ಸ್ವಲ್ಪ ನುಂಗು." ಅಪ್ಪನ ಕೈ ಹಿಡದು ಗ್ವಾಡಿ ಹತ್ತಿರ ಕುಂದರಿಸಿದಳು. "ಲೆಕ್ಕದ ಪಾಠ ಮುಗಿಯೋದ್ರಾಗ ಹಸಿವು ತಾನ ಹೋಗ್ತೈತಿ. ಆಮ್ಯಾಲೆ ಬರೇ ನಿದ್ದಿ ಬರ್ತೈತಿ, ಅಷ್ಟ. ಏನೂ ಆಗಂಗಿಲ್ಲ."

ಪಕೀರಮ್ಮ ಬಡದ ರೊಟ್ಟಿ ತಾಟಿನಾಗ ಬಂತು. ಯಂಕೋಬ ಒಂದು ತುಣುಕು ಮುರಿದು ಹಂಗ ಹಿಡಕೊಂಡು ಕುಂತ. ಅಷ್ಟು ಹಸದಿದ್ದಾಂವ, ಆದ್ರ ಕೈ ಬಾಯಿಗೆ ಹೋಗವಲ್ದು. ಹುಲಿಗಿ ಎದುರು ಕುಂತು ಕಾಯಾಕತ್ತಿದ್ದಳು, ಎರಡೂ ಕೈ ತೊಡಿ ಮ್ಯಾಲೆ ಇಟ್ಟುಕೊಂಡು, ದಿನಾ ಹೊಲದಾಗ ಕುಂದರೋ ಹಂಗ.

"ನೀ ಉಣ್ಣವಾ" ಅಂದ ಯಂಕೋಬ.

"ನೀ ಉಂಡ ಮ್ಯಾಲೆ ಯಪ್ಪಾ. ನಾ ಮುಂಜಾನೆ ಉಂಡೀನಿ, ಇವತ್ತು ತಡಿತೀನಿ."

ಆದಪ್ಪ ತನ್ನ ತಾಟು ಎತ್ತಿ ಮೊಮ್ಮಗಳ ಮುಂದ ಇಟ್ಟ. "ಏ ಪಕೀರೀ, ಕೇಳಿಲ್ಲಿ. ನಾಳಿಂದ ಈ ಹುಡುಗಿ ಉಂಡಾಳೋ ಇಲ್ಲೋ ಅಂತ ಕೇಳಿ ಬುತ್ತಿ ಬಿಚ್ತೀನಿ. ಉಂಡಿಲ್ಲ ಅಂದ್ರ ಬುತ್ತಿ ಹಂಗ ತಿರುಗಿ ಬರ್ತೈತಿ." ಪಕೀರಮ್ಮ ಒಲ್ಯಾಗಿನ ಕಟಗಿ ಹಿಂದ ಮುಂದ ಸರಿಸಿದಳು.

ಕಲ್ಯಾಣಮ್ಮನ ಸಿಟ್ಟು ಇಷ್ಟಕ್ಕ ಇಳಿಯೋದಾಗಿರಲಿಲ್ಲ. ಹತ್ತು ವರ್ಷದ ಮಗಳು ಹಸಿವಿನ ಉಪಾಯ ಇಷ್ಟು ಪಾಠ ಮಾಡಿಟ್ಟುಕೊಂಡಾಳಂದ್ರ, ಆಕಿಗೆ ದಡ್ಡಿ ಅಂದ ಬಾಯಿಗೆಲ್ಲಾ ಏನು ಹೇಳೋದು. "ಆಕಿನ್ನ ಕೇಳೋದು ಬ್ಯಾಡ ಮಾವಾ" ಅಂದಳು. "ಆಕಿ ಹೊಲಕ್ಕ ಬರಂಗಿಲ್ಲ. ಬುತ್ತಿ ಬೇಕಾದವರು ತಾವ ಬಂದು ಒಯ್ಲಿ."

ಸೋಮವಾರ ಮುಂಜಾನೆ ಯಂಕೋಬ ಹೊಲದಿಂದ ತಿರುಗಿ ಬಂದು, ಬಾಗಿಲಾಗ ನಿಂತು, ಬುಟ್ಟಿ ಹೆಗಲಿಗೆ ಏರಿಸ್ಕೊಂಡು ಹೋದ. ಹುಲಿಗಿ ಒಲಿ ಮುಂದ ಕುಂತು ಇನ್ನೊಂದು ರೊಟ್ಟಿ ಕೇಳಿದಳು.